ಎರಡನೇ ಸಲ ಹೂತ ಆನೆ

ಪಟ್ಟಣದ ಸತ್ತ ಪ್ರಾಣಿಗಳ ಮೇಲೆ ಸರ್ವಾಧಿಕಾರ ಹೊಂದಿರುವ ಆರೋಗ್ಯಾಧಿಕಾರಿಗಳೇ, ಮಾನ್ಯರೇ,

ಸಾವಿರಾರು ವರ್ಷ ಮಣ್ಣಿನಡಿ ಮಲಗಿ ಕಲ್ಲಾಗಿದ್ದ ಆನೆಯೊಂದನ್ನು ಕಳೆದ ಮಂಗಳವಾರ ತಾವು ಸುಣ್ಣ, ಬ್ಲೀಚಿಂಗ್ ಪುಡಿ ಸುರಿಸಿ ಮತ್ತೆ ಹೂಳಿಸಿದ್ದೀರಿ. ಬರುವ ಸೋಮವಾರ ಅದರ ಮೇಲೆ ಪಂಪ್‌ಹೌಸಿನ ಕಾಂಕ್ರೀಟು ಬೀಳಲಿದೆ. ಕಾರಣ ಕೇಳಿದರೆ, ಸತ್ತ ಪ್ರಾಣಿ ಸಿಕ್ಕ ಇಪ್ಪತ್ನಾಲ್ಕು ಗಂಟೆಯೊಳಗೆ ಹೂಳಬೇಕೆಂಬ ನಿಯಮ ತೋರಿಸುತ್ತೀರಿ. ಮಾರುಕಟ್ಟೆಯ ಹಿಂದೆ ನಾಯಿಯೊಂದು ಸತ್ತು ಐದು ದಿನ ನಾರಿದಾಗ ಈ ನಿಯಮ ಯಾವ ಕಪಾಟಿನಲ್ಲಿ ನಿದ್ದೆ ಮಾಡುತ್ತಿತ್ತು?

ನಾನು ಮೂವತ್ತೊಂದು ವರ್ಷಗಳಿಂದ ಹಲ್ಲಿನ ಸೆಟ್ ಮಾಡುವವನು. ಕಳೆದ ಸೋಮವಾರ ಮಧ್ಯಾಹ್ನ ಪಂಪ್‌ಹೌಸಿಗೆ ಪಾಯ ತೋಡುತ್ತಿದ್ದ ಜೆಸಿಬಿ ಚಾಲಕ ಸಿಮೆಂಟ್ ಚೀಲವೊಂದನ್ನು ತಬ್ಬಿಕೊಂಡು ನನ್ನ ಅಂಗಡಿಗೆ ಬಂದ. "ಸಾರ್, ಇದು ಹಲ್ಲೋ ಕಲ್ಲೋ ನೀವೇ ಹೇಳ್ಬೇಕು" ಅಂದ. ಮೇಜಿನ ಮೇಲಿಟ್ಟರೆ ಬ್ರೆಡ್ಡಿನ ಗಾತ್ರ, ಕಬ್ಬಿಣದ ಭಾರ. ಮೇಲ್ಭಾಗದಲ್ಲಿ ಚಪ್ಪಲಿಯ ಅಟ್ಟೆಯ ಹಾಗೆ ಸಾಲು ಸಾಲು ಏಣು. ಒಂದು ಅಂಚು ಹೆಚ್ಚು ಸವೆದಿತ್ತು. ಒಂದೇ ಮಗ್ಗುಲಲ್ಲಿ ಅಗಿಯುವ ಮುದುಕರ ಬಾಯಲ್ಲಿ ದಿನವೂ ನೋಡುವ ಸವೆತ ಅದು. ಒಳಗಿಂದ ಬಂದ ನನ್ನಾಕೆ, "ಇದಕ್ಕೂ ಸೆಟ್ ಕಟ್ಟಿಕೊಡ್ತೀರಾ? ಅಳತೆ ತೆಗೆಯೋಕೆ ಏಣಿ ಬೇಕಾಗುತ್ತೆ" ಎಂದಳು.

ಫೋಟೋ ತೆಗೆದು ವಿಶ್ವವಿದ್ಯಾಲಯದ ಭೂವಿಜ್ಞಾನದ ಮೇಡಂಗೆ ಕಳಿಸಿದೆ. ಹತ್ತೇ ನಿಮಿಷದಲ್ಲಿ ಫೋನು ಬಂತು: "ಇದು ಈಗಿನ ಆನೆಯದಲ್ಲ ಸಾರ್, ಅದರ ದೂರದ ಹಿರೀಕರದು. ಬುಧವಾರ ಬರ್ತೀನಿ. ಅಲ್ಲೀವರೆಗೆ ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ, ದಮ್ಮಯ್ಯ." ಗುಂಡಿಯಲ್ಲಿ ಇನ್ನೂ ಬುರುಡೆ, ದವಡೆ, ಪಕ್ಕೆಲುಬುಗಳಿದ್ದವು.

ಚಾಲಕನಿಗೆ ನನಗಿಂತ ಹೆಚ್ಚು ಬುದ್ಧಿಯಿತ್ತು. "ಆಫೀಸಿಗೆ ಮಾತ್ರ ಹೇಳ್ಬೇಡಿ ಸಾರ್. ಟಾರ್ಪಾಲು ಹೊದಿಸಿ ಸುಮ್ನಿರೋಣ" ಅಂದ. ನಾನು ಅವನಿಗೆ ಪೌರನ ಕರ್ತವ್ಯದ ಬಗ್ಗೆ ಕಾಲು ಗಂಟೆ ಬೋಧಿಸಿ, ಅರ್ಜಿ ಬರೆದುಕೊಂಡು ನಿಮ್ಮ ಕಚೇರಿಗೆ ಹೋದೆ. ಮೊದಲ ಮೇಜಿನವರು ಅರ್ಜಿ ಓದದೆ ಕೇಳಿದರು: "ಪ್ರಾಣಿ ಬದುಕಿದೆಯಾ, ಸತ್ತಿದೆಯಾ?"

"ಸತ್ತಿದೆ."

"ಹಾಗಾದ್ರೆ ಮೂರನೇ ಟೇಬಲ್."

ಮರುದಿನ ಬೆಳಿಗ್ಗೆ ನಿಮ್ಮ ಇನ್ಸ್‌ಪೆಕ್ಟರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಗುಂಡಿಯ ಬಳಿ ನಿಂತರು. ಕಲ್ಲು ನಾರುವುದನ್ನು ಮೊದಲು ಕಂಡುಹಿಡಿದ ವಿಜ್ಞಾನಿ ಅವರೇ ಇರಬೇಕು.

"ಸತ್ತು ಎಷ್ಟು ದಿನ ಆಯ್ತು?"

"ನಮ್ಮ ಮುತ್ತಜ್ಜ ಹುಟ್ಟೋಕ್ಕಿಂತ ಮುಂಚೆ ಸಾರ್" ಎಂದ ಚಾಲಕ.

"ಮತ್ತೆ ಇಷ್ಟು ದಿನ ಯಾಕೆ ಹೂತಿಲ್ಲ?"

"ಹೂತೇ ಇತ್ತಲ್ಲ ಸಾರ್! ತೆಗೆದಿದ್ದು ನಾನು."

ನಾನೂ ಬಾಯಿ ನೋಯುವಷ್ಟು ಹೇಳಿದೆ. ಪ್ರಯೋಜನವಾಗಲಿಲ್ಲ. ಸಾವಿಗೆ ಕಾರಣ ತಿಳಿಯದ್ದರಿಂದ ಸೋಂಕಿನ ಸಾಧ್ಯತೆ ತಳ್ಳಿಹಾಕಲಾಗದು ಎಂದು ಬರೆದು, ಸುಣ್ಣ ಸುರಿಸಿ, ಮಣ್ಣು ಎಳೆಸಿದರು. ಬುಧವಾರ ಬಂದ ಮೇಡಂ ಆ ಬಿಳಿ ಮಣ್ಣನ್ನು ಬೆರಳಲ್ಲಿ ಕೆದಕಿ ನೋಡಿ, ಮತ್ತೆ ಅಗೆದು ತೆಗೆಯಲು ಹತ್ತು ದಿನ ಬೇಕೆಂದರು. ಆನೆ ಸತ್ತರೂ ಬೆಲೆ ಉಂಟೆಂದು ಗಾದೆ ಕಟ್ಟಿದವರು ನಿಮ್ಮ ಕಚೇರಿಯನ್ನು ನೋಡಿರಲಿಲ್ಲ, ಪಾಪ.

ಇದು ನಿಮ್ಮ ಮೊದಲ ಪರಾಕ್ರಮವಲ್ಲವೆಂಬುದೂ ನನಗೆ ನೆನಪಿದೆ. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಕಚೇರಿ ಹಳೆಯ ಗ್ರಂಥಾಲಯದ ಗೆದ್ದಲು ಹಿಡಿದ ಪುಸ್ತಕಗಳನ್ನು ಸುಟ್ಟಿತು. ಗೆದ್ದಲು ಹಿಡಿಯದವನ್ನೂ ಮುನ್ನೆಚ್ಚರಿಕೆಯಾಗಿ ಸುಟ್ಟಿತು. ಗೆದ್ದಲಾದರೂ ನಿಧಾನವಾಗಿ, ಒಂದೊಂದೇ ಪುಟ ತಿನ್ನುತ್ತಿತ್ತು. ಅದಕ್ಕೆ ಓದುವ ತಾಳ್ಮೆಯಿತ್ತು.

ಈಗ ಚಾಲಕನಿಗೆ ನೋಟೀಸು: 'ಶವದ ಭಾಗ'ವನ್ನು ಬಚ್ಚಿಟ್ಟಿದ್ದಾನಂತೆ. ಶನಿವಾರದೊಳಗೆ ಹಲ್ಲನ್ನು ಹೂಳಲು ತಂದೊಪ್ಪಿಸಬೇಕಂತೆ. ಅಲ್ಲಿಯವರೆಗೆ ಅವನನ್ನು ಕೆಲಸದಿಂದ ದೂರವಿಟ್ಟಿದ್ದೀರಿ. ಹಲ್ಲು ಅವನ ಬಳಿ ಇಲ್ಲ, ಸ್ವಾಮಿ. ನನ್ನ ಬಳಿ ಇದೆ. ಕೊಡುವುದಿಲ್ಲ. ನೋಟೀಸಿನಲ್ಲಿ ಅವನ ಹೆಸರು ಹೊಡೆದು ನನ್ನದನ್ನು ಬರೆಯಿರಿ, ನಾಳೆಯೇ ಅವನನ್ನು ಕೆಲಸಕ್ಕೆ ಕರೆಯಿರಿ. ಸೋಮವಾರದ ಕಾಂಕ್ರೀಟು ನಿಲ್ಲಿಸಿ. ಮೇಡಂ ಕೇಳಿರುವುದು ಹತ್ತು ದಿನ. ಸಾವಿರಾರು ವರ್ಷ ಕಾದ ಪ್ರಾಣಿಗೆ ಹತ್ತು ದಿನ ಕೊಟ್ಟರೆ ನಿಮ್ಮ ಪಂಪು ಬಾಯಾರಿ ಸಾಯುವುದಿಲ್ಲ. ನಿಲ್ಲಿಸದಿದ್ದರೆ ಸೋಮವಾರ ಬೆಳಿಗ್ಗೆ ನಾನು ಆ ಗುಂಡಿಯಲ್ಲೇ ಕುಳಿತಿರುತ್ತೇನೆ. ಬದುಕಿರುವ ಪ್ರಾಣಿಗೆ ಯಾವ ಟೇಬಲ್ ಎಂಬುದನ್ನು ಅಷ್ಟರೊಳಗೆ ವಿಚಾರಿಸಿಟ್ಟುಕೊಳ್ಳಿ.

ಇಂತಿ,
ಕೇಳಬೇಕಾದವನ ಮಾತು ಕೇಳದೆ, ಆನೆಯನ್ನು ತಾನಾಗಿಯೇ ನಿಮ್ಮ ಕೈಗೆ ಹಿಡಿದುಕೊಟ್ಟ
ಒಬ್ಬ ಹಲ್ಲಿನ ಸೆಟ್ಟಿನವನು