ಇನ್ನೂರು ಟೀಶರ್ಟ್

ಫರಂಗಿಪೇಟೆ

ಓಟಗಾರರ ಬಳಗದ ಕಾರ್ಯದರ್ಶಿ ರಂಜಿತ್ ಅವರಿಗೆ ನಮಸ್ಕಾರ.

ನನ್ನ ಮಗಳು ಫಿದಾಳ ಚಿಕಿತ್ಸೆಗಾಗಿ ನೀವೆಲ್ಲ ಮೂಡುಬಿದಿರೆಯಿಂದ ನಾರಾವಿಯವರೆಗೆ ಓಡಿ ಕೂಡಿಸಿದ ಹಣ ಸಮಯಕ್ಕೆ ಸರಿಯಾಗಿ ಬಂತು. ಶಸ್ತ್ರಚಿಕಿತ್ಸೆಯೂ ಆಯಿತು. ಅವಳು ತೀರಿಕೊಂಡು ನಾಳೆಗೆ ನಲವತ್ತು ದಿನ.

ಬರೆಯುವ ಕಾರಣ ಬೇರೆ. ಓಟದ ದಿನ ಹಂಚಿದ ಇನ್ನೂರು ಟೀಶರ್ಟ್‌ಗಳ ಎದೆಯ ಮೇಲೆ ಅವಳ ಫೋಟೋ ಇತ್ತು. ಫೋಟೋ ಕೊಟ್ಟವನು ನಾನೇ. ಮೊನ್ನೆ ಇಲ್ಲಿನ ಮೀನಂಗಡಿಯವನು ಅದನ್ನೇ ಹಾಕಿಕೊಂಡು ಬಂಗುಡೆ ಕೊಯ್ಯುತ್ತಿದ್ದ. ಅವನೂ ಓಡಿದವನು. ನಾನು ಫಿದಾಳ ತಂದೆ ಎಂದು ಅವನಿಗೆ ತಿಳಿಯದು. ನಾನು ನೋಡುತ್ತಾ ನಿಂತಿದ್ದನ್ನು ಕಂಡು, "ಎಷ್ಟು ಒಗೆದರೂ ಬಣ್ಣ ಹೋಗುದಿಲ್ಲ ಮಾರಾಯ್ರೆ. ಮೀನಿನ ಕೆಲಸಕ್ಕೆ ಭಾರೀ ಲಾಯ್ಕ್ ಉಂಟು" ಎಂದ. ಅವನದೇನೂ ತಪ್ಪಿಲ್ಲ.

ಟೀಶರ್ಟ್ ಹಳೆಯದಾದರೆ ನಮ್ಮಲ್ಲಿ ಬೈಕ್ ಒರೆಸಲು ಇಡುತ್ತಾರೆ. ನಾನೂ ಹಾಗೆಯೇ ಮಾಡುತ್ತಿದ್ದೆ.

ಆದ್ದರಿಂದ ಅವನ್ನು ಪಡೆದವರ ಹೆಸರು, ಊರು, ಫೋನ್ ನಂಬರಿನ ಪಟ್ಟಿ ಕಳಿಸಿಕೊಡಿ. ನನ್ನದು ಬಟ್ಟೆಯಂಗಡಿ. ಪ್ರತಿಯೊಬ್ಬರಿಗೂ ಹೊಸ ಅಂಗಿ ಕೊಟ್ಟು, ಆ ಟೀಶರ್ಟ್ ಕೇಳಿ ತರುತ್ತೇನೆ. ಯಾರಿಗೂ ಕಾರಣ ಹೇಳುವುದು ಬೇಡ. ದೂರದವರಿದ್ದರೂ ತೊಂದರೆಯಿಲ್ಲ, ಬೈಕ್ ಉಂಟು.

ಪಟ್ಟಿಯಲ್ಲಿ ಮೀನಂಗಡಿಯವನ ಹೆಸರು ಬೇಡ. ಅವನದನ್ನು ಇವತ್ತು ಬೆಳಿಗ್ಗೆ ತಂದಿದ್ದೇನೆ. ಫಿದಾಳ ತಾಯಿ ಶಹರ್ಬಾನು ಅದನ್ನು ಇನ್ನೂ ಒಗೆಯುತ್ತಿದ್ದಾಳೆ.

ಇತಿ,
ನಿಝಾರ್