ಮೈದಾನದ ಸುತ್ತ ನೂರು ಮೀಟರ್

ಜನವರಿ 6, ಸೋಮವಾರ. ಗೌರಿಬಿದನೂರು

ಟ್ರಸ್ಟಿನಿಂದ ಊರೂರಿಗೆ ಆಕಾಶ ತೋರಿಸುವ ಹನ್ನೊಂದನೇ ಕಾರ್ಯಕ್ರಮ ಮುಗಿಯಿತು. ಮತ್ತೆ ಅದೇ ಕಥೆ. ಗಾಳಿ ಗುಡಾರ ಉಬ್ಬಿಸಿದ್ದು ನಾನು, ಒಳಗೆ ನಕ್ಷತ್ರ ಮೂಡಿಸಿದ್ದು ನಾನು. ಶಾಲು ಹೊದ್ದವರು ಬೇರೆ ಒಂಬತ್ತು ಜನ. ‘ಮಂಗಳಕ್ಕೆ ನಮ್ಮೂರಿಂದ’ ಅಂತ ಬ್ಯಾನರ್. ಅದರಲ್ಲಿ ಮಂಗಳ ಗ್ರಹಕ್ಕಿಂತ ನಮ್ಮ ಟ್ರಸ್ಟಿನ ಮೋಹನ್‌ಬಾಬು ಸರ್ ಮುಖವೇ ದೊಡ್ಡದು.

ಭಾಷಣ ಮುಗಿದು ಟೆಲಿಸ್ಕೋಪ್ ಹೊರಗೆ ಬಂದಾಗ ಏಳು ಗಂಟೆ. ವಿಜ್ಞಾನದ ಮೇಷ್ಟ್ರು ಕಿವಿಯ ಹತ್ತಿರ ಬಂದು ಕೇಳಿದರು — “ಮೇಡಂ, ಶನೀನ ಹಿಂಗೆ ನೇರವಾಗಿ ನೋಡಿದ್ರೆ ಏನೂ ಆಗಲ್ವಾ?” ಬಿ.ಎಸ್ಸಿ ಓದಿದವರು! ಅಸಹ್ಯವಾಯಿತು. ಆಗಲ್ಲ ಅಂದೆ. ಆದರೂ ಅವರು ನೋಡಲಿಲ್ಲ.

ನೋಡಬೇಕೆಂದಿದ್ದ ಮಕ್ಕಳಿಗೆ ಸೊಳ್ಳೆ ಬಿಡಲಿಲ್ಲ. ಒಬ್ಬಳು ಕೆನ್ನೆಗೆ ಹೊಡೆದುಕೊಂಡಳು, ಟೆಲಿಸ್ಕೋಪ್ ಅಲುಗಿತು, ಶನಿ ಹೋಯಿತು. ಮತ್ತೆ ಹುಡುಕುವಷ್ಟರಲ್ಲಿ ಸಾಲು ಚದುರಿತ್ತು.

ರೂಮಿಗೆ ಬಂದು, ಮುಂದಿನ ಊರುಗಳ ಪಂಚಾಯ್ತಿಗಳಿಗೆ ಕಳಿಸುವ ಪತ್ರಕ್ಕೆ ಒಂದು ಸಾಲು ಸೇರಿಸಿದೆ. ಶಾಮಿಯಾನ, ಮೈಕ್, ಕುಡಿಯುವ ನೀರು — ಅದರ ಕೆಳಗೆ, ‘ಮೈದಾನದ ಸುತ್ತ ನೂರು ಮೀಟರ್ ಸೊಳ್ಳೆ ಹೊಗೆ ಹಾಕಿಸುವುದು.’ ಸಹಿ ನನ್ನದೇ. ಎಲ್ಲರಿಗೂ ಮೇಲ್ ಮಾಡಿದೆ. ಇನ್ನಾದರೂ ಮಕ್ಕಳು ನೆಮ್ಮದಿಯಾಗಿ ಆಕಾಶ ನೋಡಲಿ.

ಜನವರಿ 11, ಶನಿವಾರ

ಕೆಂಚಾರ್ಲಹಳ್ಳಿ ದಾಟಿ ಒಳಗಿನ ಒಂದು ಊರು. 21ಕ್ಕೆ ಇಲ್ಲೇ ಕಾರ್ಯಕ್ರಮ. ಜಾಗ ನೋಡಲು ಹೋಗಿದ್ದೆ. ತೋರಿಸಿದವರು ಪಂಚಾಯ್ತಿ ವಾಟರ್‌ಮ್ಯಾನ್ ಮುನಿಗಂಗಪ್ಪ. ಶಾಲೆಯ ಹಿಂದೆ ಹೊಸ ರೇಷ್ಮೆ ಹುಳದ ಮನೆ — ಅವರ ತಂಗಿ ಆಂಜಿನಮ್ಮನವರದು. ಇಷ್ಟು ವರ್ಷ ಮೈದುನಂದಿರ ಜೊತೆ ಸಾಕುತ್ತಿದ್ದರಂತೆ, ಈಗ ಬೇರೆಯಾಗಿ ಸ್ವಂತಕ್ಕೆ ಕಟ್ಟಿದ್ದಾರೆ. ಇದು ಆ ಮನೆಯ ಮೊದಲ ಬೆಳೆ.

ಒಳಗೆ ಇಣುಕಲು ಹೋದೆ. ಬಾಗಿಲಲ್ಲೇ ಆಂಜಿನಮ್ಮನವರ ಕೈ ಅಡ್ಡ.

“ಸೆಂಟ್ ಹಾಕ್ಕೊಂಡಿದ್ದೀಯೇನಮ್ಮ?”

ಹೌದು ಅಂದೆ.

“ಹಂಗಾದ್ರೆ ಒಳಕ್ ಬರಬೇಡ. ಮೂರನೇ ಜ್ವರದಾಗವೆ.” ಹುಳ ಪೊರೆ ಬಿಡಲು ಮೇವು ಬಿಟ್ಟು ಮಲಗುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ.

ಹೊರಗೆ ನಿಂತೇ ನೋಡಿದೆ. ಬಾಗಿಲಲ್ಲಿ ಸುಣ್ಣದ ಪುಡಿ, ಕಾಲು ತೊಳೆಯಲು ನೀರು, ಒಳಗೆ ಹಾಕಲು ಬೇರೆ ಚಪ್ಪಲಿ. ಕಿಟಕಿಗೆ ಬಲೆ, ಒದ್ದೆ ಗೋಣಿ. ಗೋಡೆಯಲ್ಲಿ ಥರ್ಮಾಮೀಟರ್. ಬೀಡಿ ಸೇದಿದ ಕೈ ಬೇಡ, ಸೊಳ್ಳೆ ಬತ್ತಿ ಬೇಡ. ಸ್ವಂತ ಅಣ್ಣನಿಗೂ ಪ್ರವೇಶವಿಲ್ಲ. ಮುನಿಗಂಗಪ್ಪ ನಗುತ್ತಾ, “ನಾನು ಹೊಗೆಸೊಪ್ಪು ಹಾಕ್ತೀನಲ್ಲ ಮೇಡಂ, ನಮ್ಮಮ್ಮನ ಮೇಲಾಣೆ, ಬೆಳೆ ಮುಗಿಯೋವರ್ಗೂ ಈ ಕಡೆ ತಿರುಗಿ ಉಗಿಯಂಗೂ ಇಲ್ಲ” ಅಂದರು.

ಖುಷಿಯಾಯಿತು. ತಿಂಗಳುಗಳ ನಂತರ ನಿಜವಾದ ಖುಷಿ. ಗಾಳಿ, ಬಿಸಿ, ತೇವ ಎಲ್ಲ ಲೆಕ್ಕವಿಟ್ಟು ಒಂದು ಮನೆಯೊಳಗೆ ಜೀವ ಉಳಿಸುವುದು — ಮಂಗಳದಲ್ಲಿ ಮನುಷ್ಯ ಮಾಡಬೇಕಾದ್ದು ಇದೇ. ಆಂಜಿನಮ್ಮನವರಿಗೂ ಹೇಳಿದೆ. ಸ್ವಲ್ಪ ಯೋಚಿಸಿ ಕೇಳಿದರು — “ಅಲ್ಲಿ ಹೋದೋರಿಗೆ ಸೊಪ್ಪು ಯಾರಮ್ಮ ತರ್ತಾರೆ?”

ಹನ್ನೊಂದು ಊರಲ್ಲಿ ಯಾರೂ ಕೇಳದ ಪ್ರಶ್ನೆ. ವೇದಿಕೆಯಲ್ಲಿ ಮಾತಾಡಿ ಅಂದೆ. ಹುಳಕ್ಕೆ ಸೊಪ್ಪು ಹಾಕಿ, ಸ್ನಾನ ಮಾಡಿ ಬರ್ತೀನಿ ಅಂದರು.

ಜನವರಿ 15, ಬುಧವಾರ. ಚಿಂತಾಮಣಿ, ರೂಮು

ಮೋಹನ್‌ಬಾಬು ಸರ್ ಫೋನಿನಲ್ಲಿ ನಕ್ಕರು. “ಹುಳ ಸಾಕೋರನ್ನ ಸ್ಪೇಸ್ ಪ್ರೋಗ್ರಾಂಗೆ ಕರೀತಾರಾ ರೂಪಾ? ಪೇಪರ್‌ನೋರು ಆಡ್ಕೋತಾರೆ ಕಣಮ್ಮ. ಅದ್ರ ಬದ್ಲು ಇನ್ನೊಂದು ಸೆಲ್ಫಿ ಪಾಯಿಂಟ್ ಹಾಕ್ಸು.”

ಸೆಲ್ಫಿ ಪಾಯಿಂಟ್ ಅಂದರೆ ಗಗನಯಾತ್ರಿಯ ಹೆಲ್ಮೆಟ್. ಇವತ್ತು ಒರೆಸಿದೆ. ಹನ್ನೊಂದು ಊರಿನ ಬೆವರು, ಪೌಡರು, ಎಂಜಲು.

ಈ ಕೆಲಸಕ್ಕೆ ಸೇರಿದ್ದು ಯಾಕೆ? ನಮ್ಮ ಕಡೆಯ ಒಂದು ಮಗುವಾದರೂ, ಇದು ನನಗೂ ಸೇರಿದ ಆಕಾಶ ಅಂತ ಅಂದುಕೊಳ್ಳಲಿ ಎಂದು. ಈಗ ನೋಡಿದರೆ ಎಂಜಲು ಒರೆಸುತ್ತಿದ್ದೇನೆ.

ಜನವರಿ 21, ಮಂಗಳವಾರ. ಸಂಜೆ 6

ಗುಡಾರದೊಳಗೆ ಬರೆಯುತ್ತಿದ್ದೇನೆ. ಗಣ್ಯರು ಇನ್ನೂ ಬಂದಿಲ್ಲ. ಎರಡು ಗಂಟೆಯಿಂದ ಮಕ್ಕಳು ನೆಲದಲ್ಲಿ ಕೂತಿದ್ದಾರೆ. ಹೊತ್ತು ಹೋಗಲೆಂದು ಮಂಗಳದ ಮನೆಗಳ ಬಗ್ಗೆ ಹೇಳಿದೆ — ಹೊರಗಿನ ವಿಷಗಾಳಿ ಒಂದು ಸಂದಿಯಿಂದ ನುಗ್ಗಿದರೂ ಒಳಗಿದ್ದವರ ಕಥೆ ಮುಗಿಯಿತು ಅಂತ. ಚೆನ್ನಾಗಿ ಹೇಳಿದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಹೊರಗೆ ಮೋಟಾರಿನ ಸದ್ದು. ಡೀಸೆಲ್ ವಾಸನೆ. ಗಣ್ಯರ ಜನರೇಟರ್ ಇರಬೇಕು. ಅವರು ಬಂದರೆ ಸಾಕಾಗಿದೆ.

ಜನವರಿ 22

ಜನರೇಟರ್ ಅಲ್ಲ.

ಜನವರಿ 24, ಶುಕ್ರವಾರ

ಬರೆಯಬೇಕು. ಬೇರೆ ಯಾರಿಗೂ ಹೇಳಿಲ್ಲ.

ಹೊಗೆ ಮೆಷಿನ್ ಟೌನಿನಿಂದ ಬಂದಿತ್ತು. ತಂದವನಿಗೆ ಹುಳವೂ ಗೊತ್ತಿಲ್ಲ, ಊರೂ ಗೊತ್ತಿಲ್ಲ. ದಾರಿ ತೋರಿಸಲು ಪಂಚಾಯ್ತಿಯವರು ಮುನಿಗಂಗಪ್ಪನನ್ನು ಜೊತೆಗೆ ಕಳಿಸಿದರು. ಶಾಲೆಯ ಹಿಂದಕ್ಕೆ ಬೇಡ, ಹುಳ ಐತೆ ಅಂದರಂತೆ. ಮೆಷಿನ್‌ನವನು ನನ್ನ ಪತ್ರ ತೋರಿಸಿದನಂತೆ — ಸುತ್ತ ನೂರು ಮೀಟರ್. ಮುನಿಗಂಗಪ್ಪ ಓಡಿಹೋಗಿ ಕಿಟಕಿಗಳಿಗೆ ಗೋಣಿ ತುರುಕಿದರಂತೆ, ಆದರೂ ಹೊಗೆ ಒಳಗೆ ನುಗ್ಗಿತು. ನನ್ನ ಗುಡಾರ ಐವತ್ತು ಹೆಜ್ಜೆ ದೂರ. ಒಂದು ಸಲ ಹೊರಗೆ ಬಂದಿದ್ದರೆ ಸಾಕಿತ್ತು.

22ರ ಬೆಳಿಗ್ಗೆ ಹೋದೆ. ಬಾಗಿಲು ತೆರೆದೇ ಇತ್ತು. ಕಾಲು ತೊಳೆ ಅಂತ ಯಾರೂ ಹೇಳಲಿಲ್ಲ. ಬೆರಳು ದಪ್ಪದ ಹುಳಗಳು, ಇನ್ನೆರಡು ದಿನಕ್ಕೆ ಗೂಡು ಕಟ್ಟಬೇಕಿದ್ದವು. ತಲೆ ಎತ್ತಿ ಆಡಿಸುತ್ತಿದ್ದವು, ಹಸಿರು ನೀರು ಕಕ್ಕುತ್ತಿದ್ದವು. ಕೆಲವು ಆಗಲೇ ಕುಗ್ಗಿ ಕಪ್ಪಾಗಿದ್ದವು. ಆಂಜಿನಮ್ಮ ಮೊರದಲ್ಲಿ ತುಂಬಿ ಗುಂಡಿಗೆ ಸುರಿಯುತ್ತಿದ್ದರು. ನಾನೂ ಮೊರ ಹಿಡಿದೆ. ಆ ನೀರಿನ ವಾಸನೆ ಕೈಯಿಂದ ಇನ್ನೂ ಹೋಗಿಲ್ಲ.

“ಬೇರೆ ಯಾರಾದ್ರೂ ಹೊಡೆದಿದ್ರೆ ತಡ್ಕೋತಿದ್ದೆ ಕಣಮ್ಮ,” ಅಂದರು. “ನಮ್ಮಣ್ಣನೇ ಮೆಷಿನ್ ಹಿಂದೆ ಬಂದ. ಇನ್ನು ಅವನ ಮುಖ ನೋಡಲ್ಲ.”

ಆ ಅಣ್ಣ ರಸ್ತೆಯ ಆಚೆ ಕಲ್ಲಿನ ಮೇಲೆ ಕೂತಿದ್ದರು. ಹತ್ತಿರ ಬರುವ ಧೈರ್ಯವಿಲ್ಲ.

ಪತ್ರ ನನ್ನದು ಅಂತ ಹೇಳಲಿಲ್ಲ. ಕೈ ತೊಳೆದು, ಅವರು ಕೊಟ್ಟ ಕಾಫಿ ಕುಡಿದು ಬಂದೆ. ಛೀ. ಅವರ ಕಾಫಿಯನ್ನೂ ಕುಡಿದೆ.

ಜನವರಿ 25, ಶನಿವಾರ

ಮೋಹನ್‌ಬಾಬು ಸರ್ ಫೋನ್. “ಪತ್ರದ ವಿಷಯ ಎಲ್ಲೂ ಎತ್ತಬೇಡ. ಪಂಚಾಯ್ತಿನೋರೇ ನೋಡ್ಕೋತಾರೆ. ಆ ವಾಟರ್‌ಮ್ಯಾನ್‌ನ ಸೋಮವಾರ ಕೆಲ್ಸದಿಂದ ತೆಗೀತಾರಂತೆ, ಅಲ್ಲಿಗೆ ಮುಗೀತು. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು.”

ಸರಿ ಸರ್ ಅಂದೆ. ನಾಲಿಗೆಗೆ ಎಷ್ಟು ಸಲೀಸಾಗಿ ಬಂತು. ಟ್ರಸ್ಟಿನ ಪೇಜಲ್ಲಿ ಮಕ್ಕಳ ಚಪ್ಪಾಳೆಯ ಫೋಟೋ ಹಾಕಿದ್ದಾರೆ. ‘ಅಂತರಿಕ್ಷದ ಕನಸು ಬಿತ್ತಿದ ಸಂಜೆ.’ ಫೋಟೋದ ಮೂಲೆಯಲ್ಲಿ ನಾನು ನಗುತ್ತಿದ್ದೇನೆ. ಇವರ ಮೇಲೆ ಇಷ್ಟು ದಿನ ಪಟ್ಟ ಹೇಸಿಗೆಯೆಲ್ಲ ಈಗ ಆ ಮುಖದ ಮೇಲೆ.

ಆಂಜಿನಮ್ಮ ಮತ್ತೆ ಸಾಕುತ್ತಾರೆ, ಗೊತ್ತು. ಅಣ್ಣನನ್ನು ಮತ್ತೆ ಎಲ್ಲಿಂದ ತರುತ್ತಾರೆ?

ಪತ್ರದ ಪ್ರಿಂಟ್ ತೆಗೆಸಿದೆ.

ಜನವರಿ 27, ಸೋಮವಾರ. ಬೆಳಿಗ್ಗೆ 11.20, ಪಂಚಾಯ್ತಿ ಕಚೇರಿ

ಹತ್ತು ಗಂಟೆಯಿಂದ ಬೆಂಚಿನ ಮೇಲೆ. ಪತ್ರ ಬ್ಯಾಗಿನಲ್ಲಿದೆ. ಸೆಕ್ರೆಟರಿ ಬಂದಿಲ್ಲ. ಮುನಿಗಂಗಪ್ಪ ಬಾಗಿಲ ಹೊರಗೆ ಚಪ್ಪಲಿಗಳ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾರೆ.

ಕೂತಲ್ಲೇ ಕೂತಿರಲೆಂದು ಬರೆಯುತ್ತಿದ್ದೇನೆ. ಎದ್ದು ಹೋಗುವುದಕ್ಕೆ ಎರಡು ಸಲ ಬ್ಯಾಗ್ ಎತ್ತಿಕೊಂಡೆ.

ಆಂಜಿನಮ್ಮ ಬಂದರು. ಅಣ್ಣನನ್ನು ದಾಟಿಕೊಂಡು, ನೋಡದೆ ಬಂದರು. ನನ್ನ ಪಕ್ಕದಲ್ಲೇ ಕೂತರು. “ನಮ್ಮ ಪರವಾಗಿ ಹೇಳಕ್ ಬಂದಿದ್ದೀಯ. ನೀನೊಬ್ಳಾದ್ರೂ ಬಂದೆಯಲ್ಲಮ್ಮ,” ಅಂದರು.

ಬರೆಯುತ್ತಲೇ ಇದ್ದೇನೆ. ಅವರು ಬಗ್ಗಿ ಈ ಪುಟ ನೋಡುತ್ತಿದ್ದಾರೆ. ಅವರಿಗೆ ಓದಲು ಬರುವುದಿಲ್ಲ.

“ಏನಮ್ಮ ಅಷ್ಟೊಂದು ಬರೀತಿದ್ದೀಯ? ಓದು, ನಾನೂ ಕೇಳ್ತೀನಿ.”

ಓದುತ್ತೇನೆ ಅಂದೆ. ಮೊದಲು ನಿಮ್ಮಣ್ಣನನ್ನು ಒಳಗೆ ಕರೆಯಿರಿ, ಅವರೂ ಕೇಳಬೇಕು ಅಂದೆ. ಯಾಕೆ ಅನ್ನುವಂತೆ ನನ್ನನ್ನೇ ನೋಡುತ್ತಿದ್ದಾರೆ. ಕರೆಯಲಿಲ್ಲ. ನಾನೇ ಕರೆದೆ. ಮುನಿಗಂಗಪ್ಪ ಎದ್ದರು. ಒಳಗೆ ಬರುತ್ತಿದ್ದಾರೆ. ಅವರು ಕೂತ ತಕ್ಷಣ ಜನವರಿ 6ರಿಂದ ಓದುತ್ತೇನೆ.