ಸಿದ್ದೇಗೌಡರ ಹಾಜರಿ

ಪ್ರೀತಿಯ ಅಪ್ಪನಿಗೆ,

ನಿಮ್ಮ ತಿಥಿಯ ದಿನ ಅಂಗಡಿ ಮುಂದೆ ಸರಸ್ವತಿಪುರಂ ಪೂರ್ತಿ ನಿಂತಿತ್ತು. ಬೀದಿಗೆ ನಲ್ಲಿ ಹಾಕಿಸಿದವರು, ಜಗಳ ಬಿಡಿಸಿದವರು ಅಂತ ಎಲ್ಲರೂ ನೆನೆದರು. ಬೆಳಗಿನ ಹಾಜರಿಯ ಬಗ್ಗೆ ಮಾತ್ರ ಒಬ್ಬರೂ ಬಾಯಿ ಬಿಡಲಿಲ್ಲ. ಹೆದರಿಕೆಯೋ ಏನೋ.

ಯುದ್ಧ ಮುಗಿಸಿ ಬಂದು ಸೈಕಲ್ ಕಂಪನಿಯ ಏಜೆನ್ಸಿ ಹಿಡಿದರೂ ಪಲ್ಟನ್ನಿನ ಅಭ್ಯಾಸ ನಿಮ್ಮನ್ನು ಬಿಡಲಿಲ್ಲವಲ್ಲ. ಎಂಟು ಗಂಟೆಗೆ ಮೂವರು ಫಿಟ್ಟರ್‌ಗಳು ಸಾಲಾಗಿ ನಿಲ್ಲಬೇಕು, ನಡುವೆ ಒಂದಾಳಿನ ಜಾಗ ಬಿಟ್ಟು. ಮೂರು ಹೆಸರಾದ ಮೇಲೆ ನಾಲ್ಕನೆಯದು, ಬರ್ಮಾದಲ್ಲಿ ನಿಮ್ಮ ಪಕ್ಕದಲ್ಲೇ ಸತ್ತ ಸಿದ್ದೇಗೌಡರದು. ಕೂಗಿ, ಒಂದು ಗಳಿಗೆ ಕಿವಿಗೊಟ್ಟು, ತಲೆಯಾಡಿಸಿ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದಿರಿ. ಏನು ಕೇಳಿಸುತ್ತಿತ್ತು ಅಪ್ಪ? ಒಂದು ಸಲವಾದರೂ ಕೇಳಬೇಕಿತ್ತು ನಾನು.

ನೀವು ಹೋದ ಮೇಲೆ ನಾನೇ ಹಾಜರಿ ಕೂಗಿದೆ, ನಾಲ್ಕೂ ಹೆಸರು. ಮದರಾಸಿನಿಂದ ಕಂಪನಿಯ ಇನ್ಸ್‌ಪೆಕ್ಟರ್ ಬಂದ ದಿನ ನಾಲಿಗೆ ಏಳಲಿಲ್ಲ. ಏಜೆನ್ಸಿಯನ್ನು ಮಗಳ ಹೆಸರಿಗೆ ಮಾಡಬಹುದೇ ಅಂತ ನೋಡಲು ಬಂದವರ ಎದುರಿಗೆ ಸತ್ತವರನ್ನು ಕರೆಯುವುದೇ? ಮೂರಕ್ಕೇ ಪುಸ್ತಕ ಮುಚ್ಚಿದೆ. ಅವರಿಗೆ ಎಲ್ಲ ಹಿಡಿಸಿತು. ಮುಂದಿನ ವಾರ ಕಾಗದ ತರುತ್ತೇನೆ ಅಂದರು. ಮರುದಿನವೂ ಕೂಗಲಿಲ್ಲ. ಅದರ ಮರುದಿನವೂ. ಹಾಯೆನಿಸಿತ್ತು, ಸುಳ್ಳೇಕೆ ಹೇಳಲಿ.

ನಾಲ್ಕನೆಯ ದಿನ ಬೋಗಾದಿಯಿಂದ ಒಬ್ಬ ಮುದುಕಿ ನಡೆದುಕೊಂಡು ಬಂದಳು. ಸಿದ್ದೇಗೌಡರ ತಾಯಿ.

"ಯಾಕವ್ವ, ನನ್ ಮಗನ್ನ ಕೂಗ್ತಾ ಇಲ್ಲ?" ಅಂದಳು. "ದಿನಾ ಎಂಟ್ ಗಂಟೆಗೆ ಬಂದು ಮಜ್ಗೆ ಕುಡ್ಕೊಂಡ್ ಹೋಯ್ತಿದ್ದ. ಮೂರು ದಿನದಿಂದ ಚೊಂಬು ಇಟ್ಟಂಗೇ ಅದೆ."

ಹಾಜರಿಯ ವಿಷಯ ಅವಳಿಗೆ ಹೇಳಿದವರು ಯಾರು? ನೀವಂತೂ ಅಲ್ಲ. ಮಗನನ್ನು ಕರೆತರುತ್ತೇನೆ ಅಂತ ಆಕೆಗೆ ಮಾತು ಕೊಟ್ಟು ಒಬ್ಬರೇ ಬಂದವರು ನೀವು. ಯಾವ ಮುಖ ಹೊತ್ತು ಹೋಗಲಿ ಅಂತ ಕೊನೆಯವರೆಗೂ ಬೋಗಾದಿ ಕಡೆ ತಲೆ ಹಾಕಲಿಲ್ಲ.

ಮರುದಿನ ಸಿದ್ದೇಗೌಡರನ್ನು ಕೂಗಿದೆ. ಯಾರೂ ಹೇಳದೆ ಫಿಟ್ಟರ್ ರಾಚಯ್ಯ ಪಕ್ಕಕ್ಕೆ ಸರಿದು, ಮೂರು ದಿನದಿಂದ ಮುಚ್ಚಿಹೋಗಿದ್ದ ಆ ಒಂದಾಳಿನ ಜಾಗ ಬಿಟ್ಟ. ಆಮೇಲೆ ಯಾರೋ ತಾಗಿದ ಹಾಗೆ ತೋಳು ಉಜ್ಜಿಕೊಂಡ. ನನಗೆ ಓಡಿಹೋಗಬೇಕು ಅನಿಸಿತು, ಆದರೆ ಪುಸ್ತಕ ಕೈಯಲ್ಲಿತ್ತು.

ನಿನ್ನೆ ಅಜ್ಜಿ ಮತ್ತೆ ಬಂದಿದ್ದಳು. ಚೊಂಬು ಖಾಲಿಯಾಗುತ್ತಿದೆಯಂತೆ. ಹೇಳಿ ಹೋಗುವವಳು ಮತ್ತೆ ತಿರುಗಿ ನಿಂತಳು.

"ನಿಮ್ಮಪ್ಪಾರ ಹೆಸರೂ ಕೂಗವ್ವ. ನನ್ ಮಗನ ಜೊತೇಲಿ ಬತ್ತಾವ್ರೆ, ಬಾಗ್ಲಲ್ಲೇ ನಿಂತ್ಕತಾರೆ. ನಾನ್ ಎಷ್ಟ್ ಕರುದ್ರೂ ಒಳಕ್ ಬರಾಕಿಲ್ಲ."

ಅಪ್ಪ, ನೀವು ನಿಜವಾಗಿ ಹೋದಿರಿ ಅಂತ ಈಗಷ್ಟೇ ನಂಬಲು ಕಲಿಯುತ್ತಿದ್ದೆ. ಈಗ ಇದು...

ಇವತ್ತು ಪುಸ್ತಕದಲ್ಲಿ ಐದನೆಯ ಹೆಸರು ಬರೆದೆ. ನಾಳೆ ಎಂಟಕ್ಕೆ ಕೂಗುತ್ತೇನೆ. ಇನ್ಸ್‌ಪೆಕ್ಟರ್ ಕಾಗದ ತರುವುದೂ ನಾಳೆಯೇ. ಅವರ ಎದುರಿಗೇ ಕೂಗುತ್ತೇನೆ. ಏಜೆನ್ಸಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ನೀವು ಅಂಗಡಿಗೆ ಬರಬೇಡಿ, ನನಗೆ ಭಯವಾಗುತ್ತದೆ. ಸೀದಾ ಬೋಗಾದಿಗೆ ಹೋಗಿ. ಆಕೆ ಕರೆದಾಗ ಒಳಗೆ ಹೋಗಿ ಕೂತುಕೊಳ್ಳಿ.

ನಿಮ್ಮ ಮಗಳು